ಪದಕದ ಅಂಚಿನಿಂದ ದಫ್ತರದವರೆಗೆ: ಹಳೆಯ ತೋಪಖಾನೆಯ ಜಾಡು ಹಿಡಿಯುವ ಬಗೆ

ಪ್ರಶ್ನೆ: ನಾವು ಬೆಳಗಾವಿ ಕ್ಯಾಂಪಿನ ಮಗ್ಗುಲಿನವರು. ಮುತ್ತಜ್ಜನ ಟ್ರಂಕಿನಲ್ಲಿ ತಾಮ್ರದ ಬಣ್ಣದ ಪದಕವೊಂದು ಸಿಕ್ಕಿದೆ. ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ, ಮೇಲೆ ಅಡ್ಡಪಟ್ಟಿಯಲ್ಲಿ ‘ಬರ್ಮಾ 1885-7’ ಎಂದಿದೆ. ಅಂಚಿನ ಮೇಲೆ ಇಂಗ್ಲಿಷಿನಲ್ಲಿ ‘ಭಿಸ್ತಿ’, ಆಮೇಲೆ ಹೆಸರು, ‘ಬಾಂಬೆ ಮೌಂಟನ್ ಬ್ಯಾಟರಿ’ ಎಂಬುದು ಓದಲು ಬರುತ್ತದೆ. ಬ್ಯಾಟರಿಯ ನಂಬರು ಸವೆದುಹೋಗಿದೆ. ಬೆಳ್ಳಿಯದಲ್ಲ, ಹಾಗಾಗಿ ನಕಲಿ ಎನ್ನುತ್ತಾರೆ. ಆ ರೆಜಿಮೆಂಟಿನ ಇತಿಹಾಸ ಬರೆಯುವ ಆಸೆ ಇದೆ. ಕ್ಯಾಂಪಿನ ಹಳೇ ಗೋರಿಗಳ ಮೇಲೆ ‘ಆರ್.ಎ.’ ಎಂದು ಕೆತ್ತಿದ್ದು ಕಾಣುತ್ತದೆ. ಅವರೂ ಅದೇ ರೆಜಿಮೆಂಟಿನವರೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ನಕಲಿಯ ಮಾತು ಮುಗಿಸೋಣ. ಬೆಳ್ಳಿಯದಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವವರು ತಪ್ಪು ಹೇಳುತ್ತಿದ್ದಾರೆ. ನಿಮ್ಮ ಕೈಯಲ್ಲಿರುವುದು 1854ರಲ್ಲಿ ಶುರುವಾಗಿ 1895ರವರೆಗೆ ನಡೆದ ಇಂಡಿಯಾ ಜನರಲ್ ಸರ್ವಿಸ್ ಮೆಡಲ್. ಬರ್ಮಾ 1885-7ರ ಪಟ್ಟಿಯಿಂದ ಮುಂದೆ ಇದನ್ನು ಎರಡು ಲೋಹಗಳಲ್ಲಿ ಕೊಟ್ಟರು. ಕಾದಾಡುವವರಿಗೆ ಬೆಳ್ಳಿಯದು, ಪಡೆಯ ಜೊತೆ ಹೋದ ಅಧಿಕೃತ ಚಾಕರಿಯವರಿಗೆ, ಅಂದರೆ ಭಿಸ್ತಿ (ನೀರು ಹೊರುವವ), ಸಾಯಿಸ (ಕುದುರೆ ನೋಡಿಕೊಳ್ಳುವವ), ಡೋಲಿ ಹೊರುವವರು, ಹುಲ್ಲು ಕೊಯ್ಯುವವರಿಗೆ ಕಂಚಿನದು. ಭಿಸ್ತಿಯ ಹೆಸರಿರುವ ಪದಕ ಕಂಚಿನದಾಗಿರುವುದು ಸರಿಯೇ. ಬೆಳ್ಳಿಯದ್ದಾಗಿದ್ದರೆ ಅನುಮಾನ ಪಡಬೇಕಿತ್ತು. ಅಡ್ಡಗಲ ಸುಮಾರು 36 ಮಿಲಿಮೀಟರ್ ಇದೆಯೇ, ಹಿಂಬದಿಯಲ್ಲಿ ಕುಳಿತ ಯೋಧನಿಗೆ ವಿಜಯದೇವಿ ಕಿರೀಟವಿಡುವ ಚಿತ್ರ ಇದೆಯೇ, ರಿಬ್ಬನ್ ಉಳಿದಿದ್ದರೆ ಕೆಂಪಿನ ನಡುವೆ ಎರಡು ನೀಲಿ ಗೆರೆ ಇವೆಯೇ, ನೋಡಿಕೊಳ್ಳಿ. ಪಟ್ಟಿಯ ವರ್ಷಗಳನ್ನೂ ಇನ್ನೊಮ್ಮೆ ಸರಿಯಾಗಿ ಓದಿ. ಬರ್ಮಾ 1887-89, ಬರ್ಮಾ 1889-92 ಎಂಬ ಬೇರೆ ಪಟ್ಟಿಗಳೂ ಇವೆ. ಅವು ಬೇರೆ ಬೇರೆ ದಂಡಯಾತ್ರೆಗಳು, ಹೆಸರಿನ ಯಾದಿಗಳೂ ಬೇರೆ.

ಇನ್ನು ಮುಂದೆ ಅದಕ್ಕೆ ಹುಣಸೆಹಣ್ಣು, ಬೂದಿ, ಬ್ರಾಸೊ ಯಾವುದನ್ನೂ ಮುಟ್ಟಿಸಬೇಡಿ. ನಂಬರು ಸವೆದದ್ದೇ ಹಾಗೆ. ದೀಪಾವಳಿಗೊಮ್ಮೆ ಹಂಡೆ, ತಂಬಿಗೆಯ ಜೊತೆ ಪದಕವನ್ನೂ ತಿಕ್ಕಿ ಇಡುವ ಮನೆಗಳಲ್ಲಿ ಅಂಚಿನ ಅಕ್ಷರವೇ ಮೊದಲು ಹೋಗುವುದು. ಉಳಿದದ್ದನ್ನು ಓದಲು ಕತ್ತಲೆ ಕೋಣೆ, ಒಂದು ಸಣ್ಣ ಟಾರ್ಚ್, ಮೊಬೈಲ್ ಸಾಕು. ಟಾರ್ಚನ್ನು ಅಂಚಿಗೆ ಹೆಚ್ಚುಕಡಿಮೆ ಸಮಾಂತರವಾಗಿ, ಬೆಳಕು ಮೇಲ್ಮೈಯನ್ನು ಸವರಿ ಹೋಗುವಂತೆ ಇಡಿ. ಟಾರ್ಚ್, ಮೊಬೈಲ್ ಎರಡೂ ಅಲುಗಬಾರದು; ಪದಕವನ್ನಷ್ಟೇ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಹತ್ತು-ಹನ್ನೆರಡು ಫೋಟೊ ತೆಗೆಯಿರಿ. ಆಮೇಲೆ ಟಾರ್ಚನ್ನು ಎದುರು ಬದಿಗಿಟ್ಟು ಇನ್ನೊಂದು ಸುತ್ತು. ಒಂದು ಬದಿಯ ಬೆಳಕಿಗೆ ಕಾಣದ ಗೀರು ಇನ್ನೊಂದು ಬದಿಯ ಬೆಳಕಿಗೆ ನೆರಳಾಗಿ ಏಳುತ್ತದೆ. ಫೋಟೊವನ್ನು ಕಪ್ಪು-ಬಿಳುಪು ಮಾಡಿ, ಬಣ್ಣ ತಿರುಗುಮುರುಗು ಮಾಡಿ ನೋಡಿದರೆ ಇನ್ನಷ್ಟು ಸಿಗಬಹುದು. ಈ ಒಂದು ಅಂಕಿಗೆ ಇಷ್ಟು ಕಷ್ಟ ಪಡುವುದು ಯಾಕೆಂದರೆ ಬಾಂಬೆಯ ಮೌಂಟನ್ ಬ್ಯಾಟರಿ, ಅಂದರೆ ಬೆಟ್ಟಗಾಡಿನ ಸಣ್ಣ ತೋಪುಗಳ ಪಡೆ, ಇದ್ದದ್ದು ಎರಡೇ, ನಂಬರ್ 1 ಮತ್ತು ನಂಬರ್ 2. ಎರಡರ ದಾರಿಯೂ ಬೇರೆ ಬೇರೆ.

ಈಗ ‘ರೆಜಿಮೆಂಟ್’ ಎಂಬ ಮಾತಿಗೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ. ಕಾಲ್ದಳದಲ್ಲಿ ರೆಜಿಮೆಂಟ್ ಎಂದರೆ ಒಂದು ಕುಟುಂಬ. ಅದಕ್ಕೊಂದು ಹೆಸರು, ನಂಬರು, ಮನೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ನಮ್ಮೂರಲ್ಲೇ ಇರುವುದರಿಂದ ಬೆಳಗಾವಿಯವರಿಗೆ ಆ ಲೆಕ್ಕವೇ ರೂಢಿ. (ಅದು ಕಾಲ್ದಳದ ಕೇಂದ್ರ. ತೋಪಖಾನೆಯ ಕಾಗದಕ್ಕಾಗಿ ಅಲ್ಲಿಗೆ ಅಲೆಯಬೇಡಿ.) ತೋಪಖಾನೆಯ ಲೆಕ್ಕ ಹಾಗಲ್ಲ. ಬ್ರಿಟಿಷರ ಪಾಲಿಗೆ ಇಡೀ ರಾಯಲ್ ಆರ್ಟಿಲರಿಯೇ ಒಂದು ರೆಜಿಮೆಂಟ್. ಲಂಡನ್ನಿನಿಂದ ಹಾಂಗ್‌ಕಾಂಗ್‌ವರೆಗಿನ ಎಲ್ಲ ಗನ್ನರುಗಳೂ ಅದರವರೇ. ಜೀವವಿರುವ ಘಟಕವೆಂದರೆ ಬ್ಯಾಟರಿ, ಹಳೆಯ ಮಾತಿನಲ್ಲಿ ಕಂಪನಿ. ನಾಲ್ಕೋ ಆರೋ ತೋಪು, ಅವಕ್ಕೆ ಬೇಕಾದ ಜನ, ಜಾನುವಾರು. ಇತಿಹಾಸ ಬರೆಯುವುದಿದ್ದರೆ ಬ್ಯಾಟರಿಯದೇ ಬರೆಯಬೇಕು. ಹಲವು ಬ್ಯಾಟರಿಗಳ ಗುಂಪಿಗೆ ‘ಬ್ರಿಗೇಡ್’ ಎನ್ನುತ್ತಿದ್ದರು. ಆ ಗುಂಪನ್ನೇ ‘ರೆಜಿಮೆಂಟ್’ ಎಂದು ಕರೆಯಲು ಶುರು ಮಾಡಿದ್ದು 1938ರಲ್ಲಿ. ಹೀಗಾಗಿ 19ನೆಯ ಶತಮಾನದ ದಫ್ತರದಲ್ಲಿ ‘ಬೆಳಗಾವಿ ಆರ್ಟಿಲರಿ ರೆಜಿಮೆಂಟ್’ ಎಂದು ಹುಡುಕಿದರೆ ವರ್ಷವಿಡೀ ಹುಡುಕಿದರೂ ಏನೂ ಸಿಗದು.

ಬ್ಯಾಟರಿಯ ಹೆಸರು ಕೂಡ ನಿಂತ ನೀರಲ್ಲ. ಆದ್ದರಿಂದ ಯಾವ ದಫ್ತರಕ್ಕೂ ಕಾಲಿಡುವ ಮೊದಲು ಒಂದು ಹೆಸರಿನ ಸರಪಳಿ ಮಾಡಿಕೊಳ್ಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ ಅದನ್ನು ಏನೆಂದು ಕರೆದರು ಎಂಬುದು. ನಿಮ್ಮ ಅಂಚಿನ ಅಂಕಿ 1 ಆಗಿದ್ದರೆ ಸರಪಳಿ ಹೀಗೆ. 1827ರ ಸೆಪ್ಟೆಂಬರ್ 28ರಂದು ಬಾಂಬೆ ಕಾಲ್ತೋಪುಪಡೆಯ ಗೋಲಂದಾಜ (ದೇಸಿ ತೋಪುಗಾರರ) ಬೆಟಾಲಿಯನ್ನಿನ 8ನೆಯ ಕಂಪನಿಯಾಗಿ ಹುಟ್ಟು. ಹೆಸರು ಬದಲಾಗುತ್ತ ಬಂದು 1870ರ ದಶಕದಲ್ಲಿ ನಂಬರ್ 1 ಬಾಂಬೆ ಮೌಂಟನ್ ಬ್ಯಾಟರಿ. 1889ರಲ್ಲಿ ನಂಬರ್ 5. 1903ರಲ್ಲಿ 25. 1920ರ ದಶಕದಲ್ಲಿ 105. ಆಮೇಲೆ ಮತ್ತೆ 5. ಅದು ಇಂದಿಗೂ ಭಾರತೀಯ ಸೇನೆಯಲ್ಲಿದೆ. ಸೆಪ್ಟೆಂಬರ್ 28ನ್ನು ನಮ್ಮ ತೋಪಖಾನೆ ಗನ್ನರ್ಸ್ ಡೇ ಎಂದು ಆಚರಿಸುವುದು ಆ ಕಂಪನಿಯ ಹುಟ್ಟಿನ ನೆನಪಿಗೇ. ಅಂಕಿ 2 ಆಗಿದ್ದರೆ ನಿಮ್ಮದು 1843ರಲ್ಲಿ ಎದ್ದ ಇನ್ನೊಂದು ಗೋಲಂದಾಜ ಕಂಪನಿ. 1889ರಲ್ಲಿ ಅದು 6, 1903ರಲ್ಲಿ 26ನೆಯ ‘ಜೇಕಬ್ಸ್’ ಮೌಂಟನ್ ಬ್ಯಾಟರಿ. 1915ರ ಏಪ್ರಿಲ್‌ನಲ್ಲಿ 21ನೆಯ ಕೋಹಾಟ್ ಬ್ಯಾಟರಿಯ ಜೊತೆ ಗ್ಯಾಲಿಪೊಲಿಯಲ್ಲಿ ಇಳಿದದ್ದು ಇದೇ.

ಈ ನಂಬರುಗಳು ಯಾಕೆ ಹೀಗೆ ಜಿಗಿಯುತ್ತವೆ ಎಂದು ಗೊತ್ತಿದ್ದರೆ ಬಾಯಿಪಾಠ ಬೇಕಿಲ್ಲ. 1889ಕ್ಕೆ ಮುಂಚೆ ಪಂಜಾಬ್ ಗಡಿಯ ನಾಲ್ಕು ಬ್ಯಾಟರಿಗಳಿಗೆ 1ರಿಂದ 4 ಇತ್ತು: ಕೋಹಾಟ್, ದೇರಾಜಾತ್, ಪೇಶಾವರ, ಹಜಾರಾ. ಬಾಂಬೆಗೆ ಬೇರೆಯೇ 1 ಮತ್ತು 2. ಎಲ್ಲವನ್ನೂ ಒಂದೇ ಸಾಲಿಗೆ ನಿಲ್ಲಿಸಿದಾಗ ಬಾಂಬೆಯವು 5, 6 ಆದವು. ಗೋರಾಗಳ ಮೌಂಟನ್ ಬ್ಯಾಟರಿಗಳಿಗೂ ಅವೇ ನಂಬರುಗಳಿದ್ದು ಗೊಂದಲವಾಗುತ್ತಿದ್ದುದರಿಂದ ಸೇನಾಪತಿ ಕಿಚನರ್ ಕಾಲದಲ್ಲಿ, 1903ರಲ್ಲಿ, ದೇಸಿ ಬ್ಯಾಟರಿಗಳಿಗೆಲ್ಲ 20 ಕೂಡಿಸಿದರು. ಅರ್ಥ ಇಷ್ಟೇ: 1886ರ ಕಾಗದದಲ್ಲಿ ಬರೀ ‘ನಂ. 1 ಮೌಂಟನ್ ಬ್ಯಾಟರಿ’ ಎಂದು ಕಂಡರೆ ಅದು ನಿಮ್ಮದೇ ಎಂದು ಹಿಗ್ಗಬೇಡಿ. ಕೋಹಾಟಿನದಿರಬಹುದು, ಗೋರಾಗಳದಿರಬಹುದು. ಮುಂದೆ ‘ಬಾಂಬೆ’ ಎಂದಿದ್ದರೆ ಮಾತ್ರ ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಪೆನ್ಸಿಲ್ಲಿನಲ್ಲಿ.

ಬಾಂಬೆಯ ಬರೀ ಎರಡೇ ಯಾಕೆ ಉಳಿದವು ಎಂಬುದೂ ಇದರ ಜೊತೆಗೇ ಬರುವ ಪ್ರಶ್ನೆ. 1857ಕ್ಕೆ ಮುಂಚೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಮೂರೂ ಸೈನ್ಯಗಳಲ್ಲಿ, ಅಂದರೆ ಬಂಗಾಳ, ಮದ್ರಾಸ್, ಬಾಂಬೆಗಳಲ್ಲಿ, ದೇಸಿ ಗೋಲಂದಾಜರ ಕಂಪನಿಗಳು ಸಾಕಷ್ಟಿದ್ದವು. ದಂಗೆಯ ನಂತರ ತೋಪು ದೇಸಿಯವರ ಕೈಯಲ್ಲಿರಬಾರದು ಎಂದು ತೀರ್ಮಾನವಾಯಿತು. ಬಹುತೇಕ ಕಂಪನಿಗಳನ್ನು ಮುರಿದರು. ಗೋರಾ ಸೈನಿಕರಿಗೆ ಒಗ್ಗದ ಬೆಟ್ಟಗಾಡಿನ ಕೆಲಸಕ್ಕೆ ಬೇಕಾದ ಸಣ್ಣ ತೋಪುಗಳ ಬ್ಯಾಟರಿಗಳನ್ನಷ್ಟೇ ಉಳಿಸಿಕೊಂಡರು. ದೇಸಿ ಗನ್ನರುಗಳ ಕೈಗೆ ಬಯಲು ತೋಪು ಮತ್ತೆ ಬರಲು 1935 ಆಗಬೇಕಾಯಿತು. ಆ ವರ್ಷದ ಜನವರಿ 15ರಂದು ಬೆಂಗಳೂರಲ್ಲಿ ‘ಎ’ ಫೀಲ್ಡ್ ಬ್ರಿಗೇಡ್ ಎದ್ದಿತು. ಇದರಿಂದ ಒಂದು ಉಪಯುಕ್ತ ಸೂತ್ರ ಸಿಗುತ್ತದೆ: 1860 ಮತ್ತು 1935ರ ನಡುವೆ ನಮ್ಮ ಕಡೆಯ ದೇಸಿಯೊಬ್ಬ ‘ತೋಪಖಾನೆಯಲ್ಲಿದ್ದ’ ಎಂಬ ಮಾತು ಮನೆಯಲ್ಲಿ ಉಳಿದಿದ್ದರೆ, ಆತ ಮೌಂಟನ್ ಬ್ಯಾಟರಿಯವನು, ಇಲ್ಲವೇ ಗೋರಾ ಬ್ಯಾಟರಿಯಲ್ಲಿ ಲಷ್ಕರ (ತೋಪಿನ ಕೆಲಸದಾಳು), ಸಾಯಿಸ, ಭಿಸ್ತಿ, ಅದೂ ಅಲ್ಲವೆಂದರೆ ಹೈದರಾಬಾದ್ ಕಾಂಟಿಂಜೆಂಟಿನವನು, ಅಂದರೆ ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಪಡೆಯವನು. ಕೊನೆಯದನ್ನು ವಿಜಯಪುರ, ಮುದ್ದೇಬಿಹಾಳದ ಕಡೆಯವರು ಮರೆಯಬಾರದು. ಕಾಂಟಿಂಜೆಂಟಿನ ಠಾಣೆ ಲಿಂಗಸೂಗೂರಲ್ಲೇ ಇತ್ತು, ಅದಕ್ಕೆ ತನ್ನವೇ ತೋಪುಗಳಿದ್ದವು. ಹಾಗೆಯೇ ‘ಗೋಲಂದಾಜ’ ಎಂಬ ಅಡ್ಡಹೆಸರನ್ನು ಸಾಕ್ಷಿಯೆಂದು ಹಿಡಿಯಬೇಡಿ. ಗುಂಡು ಎಸೆಯುವವನು ಎಂಬ ಪಾರ್ಸಿ ಮಾತು ಅದು. ಪೇಶ್ವೆಯವರ, ದೇಸಗತಿಗಳ ತೋಪಖಾನೆಯಲ್ಲೂ ಗೋಲಂದಾಜರೇ ಇದ್ದರು.

1861ಕ್ಕಿಂತ ಹಿಂದಿನ ಕಾಲದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಗುಂಡಿ ಇದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲ್ತೋಪುಪಡೆಯಲ್ಲಿ ಜನರಿಗೊಂದು ನಂಬರು, ತೋಪುಗಳಿಗೊಂದು ನಂಬರು. ಗನ್ನರುಗಳ ಕಂಪನಿಗೆ ಬೆಟಾಲಿಯನ್ನಿನೊಳಗಿನ ನಂಬರು. ಅದು ಆಗ ನಡೆಸುತ್ತಿದ್ದ ತೋಪು, ಎತ್ತು ಅಥವಾ ಕುದುರೆಗಳ ಜೋಡಣೆಗೆ ‘ನಂ. 4 ಲೈಟ್ ಫೀಲ್ಡ್ ಬ್ಯಾಟರಿ’ ಎಂಬಂಥ ಬೇರೆ ನಂಬರು. ಕಂಪನಿ ಬೇರೆ ಠಾಣೆಗೆ ಹೋದಾಗ ತೋಪುಗಳನ್ನು ಅಲ್ಲೇ ಬಿಟ್ಟು ಹೋಗುವುದೂ ಉಂಟು. ಮುಂದೆ ಬಂದ ಕಂಪನಿ ಅವನ್ನೇ ಹಿಡಿಯುತ್ತಿತ್ತು. ಎರಡು ನಂಬರನ್ನು ಒಂದೇ ಎಂದು ಬಗೆದು ಬರೆದ ಇತಿಹಾಸದಲ್ಲಿ ಒಂದೇ ಪಡೆ ಒಂದೇ ದಿನ ಎರಡು ಊರಲ್ಲಿ ಕಾದಾಡಿರುತ್ತದೆ. 1862ರ ನಂತರ ಗೋರಾ ಬ್ಯಾಟರಿಗಳ ನಂಬರು ಓರೆಗೆರೆಯಲ್ಲಿ ಬರುತ್ತದೆ. ‘ಸಿ/4’ ಎಂದರೆ 4ನೆಯ ಬ್ರಿಗೇಡಿನ ‘ಸಿ’ ಬ್ಯಾಟರಿ. ಆದರೆ 1877, 1882, 1889ರಲ್ಲಿ ಇಸ್ಪೀಟಿನಂತೆ ಎಲ್ಲವನ್ನೂ ಕಲಸಿ ಹಂಚಿದ್ದಾರೆ. ದಿನಾಂಕವಿಲ್ಲದ ‘ಸಿ/4’ಕ್ಕೆ ಬೆಲೆಯೇ ಇಲ್ಲ.

ಹೆಸರಿನ ಸರಪಳಿ ಆದಮೇಲೆ ಕೇಳಬೇಕಾದ ಪ್ರಶ್ನೆ: ಆ ವರ್ಷ ಈ ಪಡೆಗೆ ಪಗಾರ ಕೊಡುತ್ತಿದ್ದವರು ಯಾರು? ಕಾಗದ ಇರುವುದು ಪಗಾರ ಕೊಟ್ಟವರ ದಫ್ತರದಲ್ಲಿ. ಕಾದಾಡಿದ ಊರಿನ ದಫ್ತರದಲ್ಲಲ್ಲ. ಇದಕ್ಕೆ ಕಿತ್ತೂರಿಗಿಂತ ಒಳ್ಳೆಯ ಉದಾಹರಣೆ ಬೇಡ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅವನ ಜೊತೆ ಕುದುರೆ ಎಳೆಯುವ ತೋಪುಗಳಿದ್ದವು; ಅವುಗಳ ಅಧಿಕಾರಿಗಳಾದ ಬ್ಲ್ಯಾಕ್, ಸಿವೆಲ್, ಡೈಟನ್ ಕೂಡ ಕಿತ್ತೂರಲ್ಲೇ ಪ್ರಾಣ ಕಳೆದುಕೊಂಡರು. ಧಾರವಾಡ ಆಗ ಬಾಂಬೆ ಸರ್ಕಾರದ ಕೈಕೆಳಗೆ. ಥ್ಯಾಕರೆಯ ಪತ್ರವ್ಯವಹಾರ ಮುಂಬೈಯಲ್ಲಿ ಸಿಗುತ್ತದೆ. ಆದರೆ ಆ ತೋಪುಪಡೆ ಮದ್ರಾಸ್ ಸೈನ್ಯದ್ದು. ಬಾಂಬೆ ಆರ್ಟಿಲರಿಯ ಯಾದಿಯಲ್ಲಿ ಈ ಮೂವರನ್ನು ಹುಡುಕಿದರೆ ಬರಿಗೈ. 1818ರಲ್ಲಿ ಬಾದಾಮಿ, ಬಾಗಲಕೋಟೆ ಹಿಡಿದು ಏಪ್ರಿಲ್ 10ಕ್ಕೆ ಬೆಳಗಾವಿ ಕೋಟೆಯನ್ನೂ ಶರಣಾಗಿಸಿದ ಥಾಮಸ್ ಮನ್ರೋ ಕೂಡ ಮದ್ರಾಸಿನವನೇ. ಆ ಮುತ್ತಿಗೆಗಳ ಕಾಗದ ಹುಡುಕುವವರು ಮೊದಲು ಚೆನ್ನೈನ ಎಗ್ಮೋರಿನ ತಮಿಳುನಾಡು ಆರ್ಕೈವ್ಸ್ ನೋಡಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ 1820ರ ದಶಕದವರೆಗೆ ಮದ್ರಾಸ್ ಮತ್ತು ಬಾಂಬೆ ಎರಡನ್ನೂ ತೆರೆದಿಟ್ಟುಕೊಂಡೇ ಓದಬೇಕು.

ಗೋರಿಗಳ ವಿಷಯ. ‘ಆರ್.ಎ.’ ಎಂದರೆ ರಾಯಲ್ ಆರ್ಟಿಲರಿ. ಕಂಪನಿಯ ಗೋರಾ ತೋಪುಪಡೆಗಳು ಅದರಲ್ಲಿ ಲೀನವಾದದ್ದು 1861-62ರಲ್ಲಿ. ಹೀಗಾಗಿ ಕಲ್ಲಿನ ಮೇಲಿನ ಅಕ್ಷರವೇ ಕಾಲ ಹೇಳುತ್ತದೆ. ‘ಬಾಂಬೆ ಆರ್ಟಿಲರಿ’, ‘ಮದ್ರಾಸ್ ಆರ್ಟಿಲರಿ’ ಎಂದಿದ್ದರೆ ಸಾಮಾನ್ಯವಾಗಿ 1861ರೊಳಗಿನದು. ಬರೀ ‘ಆರ್.ಎ.’ ಇದ್ದರೆ ಅಲ್ಲಿಂದ 1899ರವರೆಗೆ. ‘ಆರ್.ಎಫ್.ಎ.’ (ರಾಯಲ್ ಫೀಲ್ಡ್ ಆರ್ಟಿಲರಿ) ಅಥವಾ ‘ಆರ್.ಜಿ.ಎ.’ (ರಾಯಲ್ ಗ್ಯಾರಿಸನ್ ಆರ್ಟಿಲರಿ) ಎಂದಿದ್ದರೆ 1899 ಮತ್ತು 1924ರ ನಡುವಿನದು. ಆ 25 ವರ್ಷ ಬಯಲು ತೋಪಿನವರನ್ನೂ ಕೋಟೆ-ಬೆಟ್ಟದ ತೋಪಿನವರನ್ನೂ ಬೇರ್ಪಡಿಸಿದ್ದರು. 1924ರ ಬಳಿಕ ಮತ್ತೆ ‘ಆರ್.ಎ.’. ದಿನಾಂಕ ಮುರಿದುಹೋದ ಕಲ್ಲಿಗೂ ಇದರಿಂದ ಒಂದು ಅಂದಾಜು ಸಿಗುತ್ತದೆ.

ಅವರು ನಿಮ್ಮ ಬ್ಯಾಟರಿಯವರೇ? ಸಾಮಾನ್ಯ ಗನ್ನರ್, ಬಾಂಬಾರ್ಡಿಯರ್ ಆಗಿದ್ದರೆ ಅಲ್ಲ. ಅವರು ಬೆಳಗಾವಿಯಲ್ಲಿ ನಾಲ್ಕಾರು ವರ್ಷ ಬಿಡಾರ ಹೂಡಿ ಹೋದ ಗೋರಾ ಬ್ಯಾಟರಿಗಳವರು. ಆದರೆ ಲೆಫ್ಟಿನೆಂಟ್, ಕ್ಯಾಪ್ಟನ್, ಮೇಜರ್ ಆಗಿದ್ದರೆ ಅವಸರ ಬೇಡ. ದೇಸಿ ಮೌಂಟನ್ ಬ್ಯಾಟರಿಗಳಿಗೆ ಅಧಿಕಾರಿಗಳಾಗಿ ಬರುತ್ತಿದ್ದವರು ರಾಯಲ್ ಆರ್ಟಿಲರಿಯವರೇ. ಅವರ ಗೋರಿಯ ಮೇಲೆ ಬ್ಯಾಟರಿಯ ಹೆಸರಿಲ್ಲದೆ ‘ಆರ್.ಎ.’ ಎಂದಷ್ಟೇ ಇರಬಹುದು. ಅಂಥ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು ಆರ್ಮಿ ಲಿಸ್ಟಿನ (ಪಡೆಗಳ, ಅಧಿಕಾರಿಗಳ ಅಚ್ಚಾದ ಯಾದಿಯ) ಜೊತೆ ತಾಳೆ ನೋಡಿ.

ಗೋರಿಯ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಬೆಳಗಾವಿಯ ಮಳೆ ನಿಂತ ಮೇಲೂ ಎದೆಯೆತ್ತರದ ಹುಲ್ಲಿರುತ್ತದೆ, ಹುಲ್ಲಲ್ಲಿ ಹಾವಿರುತ್ತದೆ. ಕಲ್ಲಿನ ಮೇಲೆ ಪಾಚಿ ಬೇರೆ. ಸಂಬಂಧಪಟ್ಟವರ ಅನುಮತಿ ಬರಹದಲ್ಲಿ ತೆಗೆದುಕೊಳ್ಳಿ. ತಂತಿ ಬ್ರಷ್ಷು, ಆಸಿಡ್, ಸುಣ್ಣದ ಬಳಪ ಬೇಡ. ಬರೀ ನೀರು, ಮೆತ್ತನೆಯ ಬ್ರಷ್ಷು. ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು, ಅದು ಬೀಳದ ಕಲ್ಲಿಗೆ ಒಂದು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿ. ಬಿಳಿ ಅಮೃತಶಿಲೆಯ ಫಲಕಗಳಲ್ಲಿ ಸೀಸದ ಅಕ್ಷರಗಳಿರುತ್ತಿದ್ದವು, ಅವು ಉದುರಿದ ಮೇಲೆ ಸಾಲುಸಾಲಾಗಿ ಸಣ್ಣ ತೂತುಗಳಷ್ಟೇ ಉಳಿಯುತ್ತವೆ. ಅದನ್ನು ಖಾಲಿ ಕಲ್ಲೆಂದು ಬಿಡಬೇಡಿ. ಸೀಸವನ್ನು ಕಚ್ಚಿಸಲು ಪ್ರತಿ ಅಕ್ಷರದ ಗೆರೆಯುದ್ದಕ್ಕೂ ಕೊರೆದ ತೂತುಗಳು ಅವು. ತೆಳುಹಾಳೆ ಹಚ್ಚಿ ತೂತುಗಳನ್ನು ಗುರುತು ಮಾಡಿ ಚುಕ್ಕಿ ರಂಗೋಲಿಯಂತೆ ಜೋಡಿಸಿದರೆ ಅಕ್ಷರ ಏಳುತ್ತದೆ. ಕ್ಯಾಂಪಿನಷ್ಟೇ ಅಲ್ಲ, ಈಗ ಚಿಕ್ಕು-ದಾಳಿಂಬೆಗೆ ಹೆಸರಾದ ಕಲಾದಗಿಯೂ ಒಂದು ಕಾಲಕ್ಕೆ ದಂಡಿನ ಊರು. 1880ರ ದಶಕದ ನಡುವೆ ವಿಜಯಪುರಕ್ಕೆ ಹೋಗುವವರೆಗೆ ಜಿಲ್ಲೆಯ ಕಚೇರಿಯೂ ಅಲ್ಲೇ ಇತ್ತು. ಬಾಗಲಕೋಟೆಯ ಕಡೆ ಹುಡುಕುವವರು ಅಲ್ಲಿಂದ ಶುರು ಮಾಡಲಿ.

ಕಲ್ಲಿಗೆ ತಾಳೆಯಾಗುವ ಕಾಗದವೆಂದರೆ ಪಾದ್ರಿಗಳ ವಹಿ. ದಂಡಿನ ಚರ್ಚಿನ ಜನನ, ಮದುವೆ, ಸಾವಿನ ದಾಖಲೆಯ ನಕಲು ಪ್ರೆಸಿಡೆನ್ಸಿಗೂ ಅಲ್ಲಿಂದ ಲಂಡನ್ನಿಗೂ ಹೋಗುತ್ತಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ಬಂಗಾಳದ್ದು ಎನ್/1, ಮದ್ರಾಸಿನದು ಎನ್/2, ಬಾಂಬೆಯದು ಎನ್/3 ಸರಣಿ. ಇವುಗಳ ಬಹುಪಾಲು ಸ್ಕ್ಯಾನ್ ಆಗಿ ದುಡ್ಡು ಕೊಟ್ಟು ನೋಡುವ ವಂಶಾವಳಿ ತಾಣಗಳಲ್ಲಿದೆ. ಸಾವಿನ ವಹಿಯಲ್ಲಿ ಕಲ್ಲಿನಲ್ಲಿಲ್ಲದ ಎರಡು ಸಂಗತಿ ಸಿಗುತ್ತವೆ, ಸಾವಿನ ಕಾರಣ ಮತ್ತು ಬ್ಯಾಟರಿ. ಇದು ಕ್ರೈಸ್ತರ ವಹಿ ಮಾತ್ರ. ದೇಸಿ ಗನ್ನರುಗಳು ಇದರಲ್ಲಿಲ್ಲ.

ಲಂಡನ್ನಿನಲ್ಲಿ ಎರಡು ಮನೆಗಳಿವೆ, 1861 ಅವುಗಳ ನಡುವಿನ ಗೋಡೆ. ಅದಕ್ಕೂ ಮುಂಚಿನ ಕಂಪನಿ ಸೈನ್ಯದ ಕಾಗದ, ಹಾಗೂ ಆಮೇಲೂ ದೇಸಿ ಸೈನ್ಯದ ಕಾಗದ, ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ಅದರ ಮಿಲಿಟರಿ ಭಾಗಕ್ಕೆ ಎಲ್/ಎಂಐಎಲ್ ಎಂಬ ಗುರುತು: 10 ಬಂಗಾಳ, 11 ಮದ್ರಾಸ್, 12 ಬಾಂಬೆ ಸೈನ್ಯದ ಸೇವಾ ದಾಖಲೆ, 17ರಲ್ಲಿ ಅಚ್ಚಾದ ಆರ್ಮಿ ಲಿಸ್ಟುಗಳು, 5ರಲ್ಲಿ ಪದಕಗಳ ಯಾದಿಗಳು. 1861ರ ನಂತರದ ರಾಯಲ್ ಆರ್ಟಿಲರಿಯ ಗೋರಾಗಳದ್ದು ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅಲ್ಲಿ ತೋಪಖಾನೆಯ ಹಾಜರಿ ಮತ್ತು ಪಗಾರದ ವಹಿಗಳು ಡಬ್ಲ್ಯೂಒ 10 (1878ರವರೆಗೆ), ಆಮೇಲಿನವು ಡಬ್ಲ್ಯೂಒ 16, ಪದಕದ ಯಾದಿ ಡಬ್ಲ್ಯೂಒ 100, ಮೊದಲ ಮಹಾಯುದ್ಧದ ದಿನಚರಿ ಡಬ್ಲ್ಯೂಒ 95. ಹಾಜರಿ ವಹಿಯನ್ನು ಕಡೆಗಣಿಸಬೇಡಿ. ಯಾರು ಆಸ್ಪತ್ರೆಯಲ್ಲಿದ್ದ, ಯಾರು ಬಂಧನದಲ್ಲಿದ್ದ, ಪಡೆ ಯಾವ ತಿಂಗಳು ಯಾವ ಊರಿನಲ್ಲಿತ್ತು, ಎಲ್ಲ ಅದರಲ್ಲಿ.

ನಿಮಗೆ ಲಂಡನ್ನಿಗಿಂತ ದಿಲ್ಲಿ, ಮುಂಬೈ ಮುಖ್ಯ. ಕಂಪನಿ ಕಾಲದ ಬಾಂಬೆ ಸರ್ಕಾರದ ಮಿಲಿಟರಿ ಡಿಪಾರ್ಟ್‌ಮೆಂಟಿನ ಸಂಪುಟಗಳು ಮುಂಬೈ ಕೋಟೆಭಾಗದ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದ ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರದಲ್ಲಿವೆ. ಭಾರತ ಸರ್ಕಾರದ ಮಿಲಿಟರಿ ಡಿಪಾರ್ಟ್‌ಮೆಂಟಿನ ಕಡತಗಳು ದಿಲ್ಲಿಯ ರಾಷ್ಟ್ರೀಯ ಪುರಾಭಿಲೇಖಾಗಾರದಲ್ಲಿ. 1895ರ ಏಪ್ರಿಲ್ 1ಕ್ಕೆ ಬಾಂಬೆ ಸೈನ್ಯವೇ ಇಲ್ಲವಾಯಿತು, ಹಾಗಾಗಿ ಅಲ್ಲಿಂದ ಮುಂದಿನದಕ್ಕೆಲ್ಲ ದಿಲ್ಲಿಯೇ ಗತಿ. 1906ರ ನಂತರ ‘ಆರ್ಮಿ ಡಿಪಾರ್ಟ್‌ಮೆಂಟ್’ ಎಂಬ ತಲೆಬರಹದಡಿ ನೋಡಿ. ಹೊರಡುವ ಮೊದಲು ದಿಲ್ಲಿಯ ‘ಅಭಿಲೇಖ್ ಪಟಲ್’ ಎಂಬ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ ಹುಡುಕಿ. ಸ್ಕ್ಯಾನ್ ಆದ ಕಡತಕ್ಕಾಗಿ ರೈಲು ಹತ್ತುವುದು ದಂಡ.

ದಿಲ್ಲಿಯ ಕಡತಗಳ ರಚನೆ ತಿಳಿದಿರಲಿ. ‘ಪ್ರೊಸೀಡಿಂಗ್ಸ್’ನಲ್ಲಿ ‘ಎ’ ಎಂದರೆ ಮುಖ್ಯವೆಂದು ಅಚ್ಚು ಹಾಕಿಸಿದ್ದು, ‘ಬಿ’ ಎಂದರೆ ನಿತ್ಯದ ಸಂಗತಿ, ಕೈಬರಹದ್ದು. ಓದಲು ‘ಎ’ ಹಿತ. ಆದರೆ ಹೇಸರಗತ್ತೆ ಖರೀದಿ, ಭಿಸ್ತಿಗಳ ಭತ್ಯೆ, ಲೈನಿನ ಚಾವಣಿ ಸೋರಿದ್ದು, ಹೀಗೆ ಬ್ಯಾಟರಿಯ ಬದುಕು ಇರುವುದು ‘ಬಿ’ಯಲ್ಲಿ. ಕಡತದ ಹಿಂದೆ ‘ಕೆ.ಡಬ್ಲ್ಯೂ.’ ಎಂಬ ಟಿಪ್ಪಣಿ ಕಟ್ಟು ಇದ್ದರೆ ಅದನ್ನೂ ಕೇಳಿ. ಅಧಿಕಾರಿಗಳು ಒಬ್ಬರಿಗೊಬ್ಬರು ಮುಚ್ಚುಮರೆಯಿಲ್ಲದೆ ಬರೆದುಕೊಂಡದ್ದು ಅಲ್ಲಿರುತ್ತದೆ. ಮೊದಲ ದಿನ ಕಡತ ತರಿಸಬೇಡಿ, ಇಂಡೆಕ್ಸ್ ಸಂಪುಟಗಳನ್ನೇ ಓದಿ. ಬ್ಯಾಟರಿಯ ಹೆಸರಿನಡಿ, ‘ಆರ್ಟಿಲರಿ, ನೇಟಿವ್’ ಎಂಬಡಿ, ‘ಮ್ಯೂಲ್ಸ್’ ಎಂಬಡಿ, ಕಮಾಂಡ್ ಮಾಡಿದ ಅಧಿಕಾರಿಯ ಹೆಸರಿನಡಿ, ನಾಲ್ಕೂ ಕಡೆ ನೋಡಿ. ಗುರುತಿನ ಚೀಟಿ, ಕಾಲೇಜು ಅಥವಾ ಸಂಸ್ಥೆಯ ಪರಿಚಯ ಪತ್ರ ಜೊತೆಗಿರಲಿ.

ಊರಿನ ಹೆಸರಿನ ಕಾಗುಣಿತ ನಿಮ್ಮನ್ನು ಸತಾಯಿಸುತ್ತದೆ. 1870ರ ದಶಕದಲ್ಲಿ ಒಂದೇ ಬಗೆಯ ಲಿಪ್ಯಂತರ ರೂಢಿಗೆ ಬರುವವರೆಗೆ ಸಾಹೇಬರು ಕಿವಿಗೆ ಕೇಳಿದಂತೆ ಬರೆದರು. ಒಂದು ಉಪಾಯ: ಅಕಾರ ಬಂದಲ್ಲಿ ಇಂಗ್ಲಿಷಿನ ‘ಯು’ ಅಕ್ಷರ, ಈಕಾರಕ್ಕೆ ಎರಡು ‘ಇ’, ಊಕಾರಕ್ಕೆ ಎರಡು ‘ಒ’, ದ-ಗಗಳ ನಂತರ ಒಂದು ‘ಎಚ್’ ಹಾಕಿ ಹುಡುಕಿ. ಕಲಾದಗಿ, ಬಿಜಾಪುರ, ಬಾಗಲಕೋಟೆ ಮೂರೂ ಹೀಗೆ ವೇಷ ಬದಲಿಸಿಕೊಂಡು ಕೂತಿರುತ್ತವೆ. ಮುತ್ತಜ್ಜನ ಹೆಸರಿಗೂ ಇದೇ ಗತಿ. ಪದಕದ ಮೇಲೆ ಒಂದು ಕಾಗುಣಿತ, ಯಾದಿಯಲ್ಲಿ ಇನ್ನೊಂದು ಇದ್ದರೆ ಗಾಬರಿ ಬೇಡ.

ಪಡೆ ಎಲ್ಲೆಲ್ಲಿತ್ತು ಎಂಬುದಕ್ಕೆ ಬೆನ್ನೆಲುಬು ಆರ್ಮಿ ಲಿಸ್ಟ್. ಹಲವು ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ವಹಿಯಲ್ಲಿ ಐದು ಅಂಕಣ ಎಳೆಯಿರಿ: ಲಿಸ್ಟಿನ ತಿಂಗಳು, ಕಾಗದದಲ್ಲಿ ಇದ್ದಂತೆಯೇ ಪಡೆಯ ಹೆಸರು, ಠಾಣೆ, ಅಧಿಕಾರಿಗಳು, ಸಂಪುಟ ಮತ್ತು ಪುಟ. ಸುಬೇದಾರ, ಜಮಾದಾರರ ಹೆಸರೂ ಇದರಲ್ಲಿರುತ್ತದೆ. ಅವನ್ನು ಬಿಡದೆ ಬರೆಯಿರಿ, ದೇಸಿಯವರ ಹೆಸರು ಅಚ್ಚಿನಲ್ಲಿ ಸಿಗುವ ಜಾಗಗಳು ಕಡಿಮೆ. ಒಂದು ಎಚ್ಚರ: ಪಡೆಗಳ ಬದಲಾವಣೆ ಆಗುತ್ತಿದ್ದುದು ಚಳಿಗಾಲದಲ್ಲಿ. ಡಿಸೆಂಬರ್‌ನಲ್ಲಿ ಹೊರಟ ಬ್ಯಾಟರಿ ಜನವರಿಯ ಲಿಸ್ಟಿನಲ್ಲಿ ಹಳೇ ಠಾಣೆಯಲ್ಲೇ ಕೂತಿರುವುದುಂಟು. ಚಳಿಗಾಲದ ಲಿಸ್ಟನ್ನು ನಂಬದೆ ಏಪ್ರಿಲ್ ಮತ್ತು ಜುಲೈನದನ್ನು ಆಧಾರ ಮಾಡಿಕೊಳ್ಳಿ. ರೈಲು ಬರುವ ಮುನ್ನ ಮುಂಬೈಯಿಂದ ಬೆಳಗಾವಿಗೆ ದಂಡು ಬರುತ್ತಿದ್ದುದು ಹಡಗಿನಲ್ಲಿ ವೆಂಗುರ್ಲೆಗೆ, ಅಲ್ಲಿಂದ ಘಟ್ಟ ಹತ್ತಿ. ಮಳೆಗಾಲದಲ್ಲಿ ಆ ದಾರಿ ಬಂದ್. ಜುಲೈನಲ್ಲಿ ಪಡೆ ಬಂತೆಂದು ಬರೆದ ಕಾಗದ ಕಂಡರೆ ದಿನಾಂಕವನ್ನು ಮತ್ತೊಮ್ಮೆ ಓದಿ. ಜಾಗದ ವಿವರಕ್ಕೆ 1884ರಲ್ಲಿ ಅಚ್ಚಾದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 21ನೆಯ ಸಂಪುಟ ಬೆಳಗಾವಿಯದು, 23ನೆಯದು ಬಿಜಾಪುರದ್ದು.

ದಿನಾಂಕವಿಲ್ಲದ ಕಾಗದ, ಫೋಟೊಗಳಿಗೆ ತೋಪೇ ಗಡಿಯಾರ. 1879ರಿಂದ ಮೌಂಟನ್ ಬ್ಯಾಟರಿಗಳಿಗೆ ಬಂದದ್ದು 2.5 ಇಂಚಿನ, ಬಾಯಿಯಿಂದ ಮದ್ದು ತುಂಬುವ ತೋಪು. ನಳಿಗೆ ಎರಡು ತುಂಡು. ತಲಾ 200 ಪೌಂಡಿನ ಆಸುಪಾಸು, ನಡುವೆ ತಿರುಪು ಹಾಕಿ ಬಿಗಿಯುವುದು. ‘ಸ್ಕ್ರೂ ಗನ್’ ಎಂಬ ಹೆಸರು ಅದಕ್ಕೇ. ಹೇಸರಗತ್ತೆ ಹೊರುವ ಮಿತಿಯೊಳಗೇ ತೂಕ ಇರಬೇಕು, ಆದರೆ ನಳಿಗೆ ಉದ್ದವಿದ್ದರೆ ಗುಂಡು ದೂರ ಹೋಗುತ್ತದೆ. ಈ ಎರಡನ್ನೂ ಸಾಧಿಸಲು ನಳಿಗೆಯನ್ನೇ ಎರಡು ಮಾಡಿದರು. ಒಂದು ತೋಪು ಬಿಚ್ಚಿದರೆ ಐದು ಹೇಸರಗತ್ತೆಗಳ ಹೊರೆ. ಫೋಟೊದಲ್ಲಿ ನಳಿಗೆಯ ನಡುವೆ ದಪ್ಪ ಬಳೆಯಂಥ ಜೋಡಣೆ ಕಂಡರೆ 1879ಕ್ಕಿಂತ ಹಿಂದಿನದಲ್ಲ. ಹಿಂಬದಿಯಿಂದ ತುಂಬುವ 10 ಪೌಂಡಿನದು ಬಂದದ್ದು 1900ರ ಆಚೆ. ಬರ್ಮಾದ ಕಾಡಿಗೆ ನಿಮ್ಮ ಮುತ್ತಜ್ಜನ ಬ್ಯಾಟರಿ ಒಯ್ದದ್ದು ಸ್ಕ್ರೂ ಗನ್ನೇ ಇರಬಹುದು.

ಮುತ್ತಜ್ಜನ ವಿಷಯದಲ್ಲಿ ಆಸೆ ಹದದಲ್ಲಿರಲಿ. ಆ ಕಾಲದ ದೇಸಿ ಸಿಪಾಯಿಗಳ ಸೇವಾ ಪುಸ್ತಕಗಳು ಲಂಡನ್ನಿಗೆ ಹೋಗುತ್ತಿರಲಿಲ್ಲ, ಪಡೆಯಲ್ಲೇ ಉಳಿದು ಹಾಳಾದವು. ಭಿಸ್ತಿಗಳದಂತೂ ಇನ್ನೂ ಕಡಿಮೆ. ಅವರ ಹೆಸರು ಸಿಗುವ ಖಚಿತ ಜಾಗ ಪದಕದ ಯಾದಿ. ಫೋಟೊದಲ್ಲಿ ಅಂಕಿ ಏಳದೇ ಹೋದರೆ ಬಾಂಬೆಯ ಎರಡೂ ಬ್ಯಾಟರಿಗಳ ಬರ್ಮಾ ಯಾದಿಯನ್ನು, ಕಂಚಿನ ಪದಕದ ಪುಟಗಳನ್ನೇ ಹೆಸರಿಸಿ, ಎಲ್/ಎಂಐಎಲ್/5 ಮತ್ತು ಡಬ್ಲ್ಯೂಒ 100 ಎರಡರಿಂದಲೂ ನಕಲು ತರಿಸಿ. ಬೆಳ್ಳಿಯ ಯಾದಿಯ ಕೊನೆಯಲ್ಲಿ ಕಂಚಿನದು ಬೇರೆ ತಲೆಬರಹದಡಿ ಇರುವುದುಂಟು. ನಕಲು ಮಾಡುವವರು ಅಷ್ಟರಲ್ಲಿ ನಿಲ್ಲಿಸಿಬಿಡುತ್ತಾರೆ, ಕೋರಿಕೆಯಲ್ಲಿ ‘ಫಾಲೋವರ್ಸ್’ ಎಂಬ ಪದ ಇರಲೇಬೇಕು. ನಕಲು ಬಂದ ಮೇಲೆ ಅಡಿಯಲ್ಲಿ ಸಹಿ ಮಾಡಿದ ಅಧಿಕಾರಿ ಯಾರು, ಯಾವ ಊರಿಂದ ಯಾವ ದಿನ ಸಹಿ ಮಾಡಿದ ಎಂದು ನೋಡಿ. ಬ್ಯಾಟರಿ ಬರ್ಮಾದಿಂದ ಎಲ್ಲಿಗೆ ವಾಪಸಾಯಿತು ಎಂಬುದಕ್ಕೆ ನಿಮ್ಮ ಐದು ಅಂಕಣದ ವಹಿಯಲ್ಲಿ ಹೊಸ ಸಾಲೊಂದು ಅಲ್ಲಿಂದಲೇ ಸಿಗುತ್ತದೆ.